ಗುಪ್ತಾಂಗದ ಕೂದಲು ಮತ್ತು ಚರ್ಮದ ರಕ್ಷಣೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ತಾವರೆಕೆರೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ವೈದ್ಯಾಧಿಕಾರಿಯಾಗಿ ಕೆಲಸ ಮಾಡುವಾಗ ನಾನು ಒಂದು ವಿಷಯವನ್ನು ಗಮನಿಸಿದ್ದೇನೆ. ಜ್ವರ, ಕೆಮ್ಮು, ಮಂಡಿನೋವುಗಳನ್ನು ಜನರು ಕುಳಿತೊಡನೆಯೇ ಹೇಳಿಕೊಳ್ಳುತ್ತಾರೆ. ಆದರೆ ಕೆಲವರು ಔಷಧಿಯ ಚೀಟಿಯನ್ನು ಪಡೆದು, ಬಾಗಿಲಿನವರೆಗೂ ಹೋಗಿ, ಅಲ್ಲಿ ನಿಂತು, "ಡಾಕ್ಟ್ರೇ, ಇನ್ನೊಂದು ವಿಷಯ ಇತ್ತು" ಎನ್ನುತ್ತಾರೆ. ಅವರು ಬಂದದ್ದು ಆ ಇನ್ನೊಂದು ವಿಷಯಕ್ಕಾಗಿಯೇ. ತೊಡೆಸಂದಿನ ನವೆ, ಗುಪ್ತಾಂಗದ ಬಳಿ ಎದ್ದ ಕುರು, ಬ್ಲೇಡಿನಿಂದಾದ ಗಾಯ, ಇವು ಹೀಗೆ ಬಾಗಿಲ ಬಳಿ ಹೇಳುವ ಕಾಯಿಲೆಗಳು. ನಾಚಿಕೆಯಿಂದ ಮುಚ್ಚಿಟ್ಟು ವಾರಗಟ್ಟಲೆ ನೋವನ್ನು ಅನುಭವಿಸಿದ ಮೇಲೆ ಅವು ಬೆಳಕಿಗೆ ಬರುತ್ತವೆ.

ಶರೀರದ ಯಾವ ಭಾಗವೂ ವಿಚಾರ ಮಾಡಬಾರದ ಭಾಗವಲ್ಲ. ನಮ್ಮ ನಾಡಿನಲ್ಲಿ ಇದು ಹೊಸ ಮಾತೂ ಅಲ್ಲ. ದಾಂಪತ್ಯದ ವಿಷಯವನ್ನು ನಾಲ್ಕು ಜನರ ಮುಂದೆ ಆಡಲು ಹಿಂಜರಿಯುತ್ತಿದ್ದ 1930ರಲ್ಲಿಯೇ ಅಂದಿನ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಸಲಹೆ ನೀಡುವ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಮುಂದೆ ನಿಂತು ಇಂತಹ ಚಿಕಿತ್ಸಾಲಯಗಳನ್ನು ಆರಂಭಿಸಿದುದು ಪ್ರಪಂಚದಲ್ಲಿಯೇ ಮೊದಲು ಎಂದು ಹೇಳುತ್ತಾರೆ. ಅಂತಹ ನಾಡಿನವರಾದ ನಾವು ಚರ್ಮದ ಆರೈಕೆಯ ಬಗ್ಗೆ ಮಾತನಾಡಲು ಸಂಕೋಚಪಡಬೇಕಾಗಿಲ್ಲ. ಪತಿ ಪತ್ನಿ ಇಬ್ಬರೂ ಒಟ್ಟಿಗೆ ಕುಳಿತು ಈ ಲೇಖನವನ್ನು ಓದಬೇಕು. ಓದಲು ಬಾರದವರಿಗೆ ಬರುವವರು ಓದಿ ಹೇಳಬೇಕು.

ಈ ಕೂದಲು ಏಕೆ ಇದೆ?

ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷಗಳೊಳಗೂ, ಗಂಡುಮಕ್ಕಳಲ್ಲಿ 9ರಿಂದ 14 ವರ್ಷಗಳೊಳಗೂ ಗುಪ್ತಾಂಗದ ಸುತ್ತ ಕೂದಲು ಕಾಣಿಸಿಕೊಳ್ಳತೊಡಗುತ್ತದೆ. ಪ್ರಾಯಕ್ಕೆ ಬರುವಾಗ ಶರೀರದಲ್ಲಿ ಉತ್ಪತ್ತಿಯಾಗುವ ಹಾರ್ಮೋನುಗಳೇ ಇದಕ್ಕೆ ಕಾರಣ. ತಲೆಯ ಕೂದಲು ಹಲವು ವರ್ಷಗಳ ಕಾಲ ಒಂದೇ ಸಮನೆ ಬೆಳೆಯುತ್ತದೆ. ಇಲ್ಲಿನ ಕೂದಲು ಕೆಲವೇ ತಿಂಗಳು ಬೆಳೆದು ನಿಂತು ಉದುರುತ್ತದೆ. ಆದುದರಿಂದಲೇ ಅದು ಒಂದು ಮಿತಿಯನ್ನು ಮೀರಿ ಉದ್ದವಾಗುವುದಿಲ್ಲ.

ನಡೆಯುವಾಗ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವಾಗ, ದಂಪತಿಗಳು ಕೂಡುವಾಗ ಚರ್ಮಕ್ಕೆ ಚರ್ಮ ಉಜ್ಜಿ ತರಚದಂತೆ ಈ ಕೂದಲು ನಡುವೆ ಮೆತ್ತೆಯಾಗಿ ನಿಲ್ಲುತ್ತದೆ. ಇಲ್ಲಿನ ಚರ್ಮ ತೆಳುವಾದುದು. ಬೆವರಿನ ಗ್ರಂಥಿಗಳೂ ಜಿಡ್ಡಿನ ಗ್ರಂಥಿಗಳೂ ಹೇರಳವಾಗಿರುತ್ತವೆ. ಸುತ್ತಲ ಚರ್ಮಕ್ಕಿಂತ ಅದರ ಬಣ್ಣ ಕಪ್ಪಾಗಿರುವುದು ಸಹಜ. ಅದು ಕೊಳೆಯೂ ಅಲ್ಲ, ರೋಗವೂ ಅಲ್ಲ.

ಕೂದಲು ಕೊಳೆಯಲ್ಲ

"ಕೂದಲಿದ್ದರೆ ಗಲೀಜು, ತೆಗೆದರೆ ಶುದ್ಧ" ಎಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಪ್ರತಿದಿನ ನೀರಿನಿಂದ ತೊಳೆದು ಒಣಗಿಸಿದ ಕೂದಲು ಸ್ವಚ್ಛವಾಗಿಯೇ ಇರುತ್ತದೆ. ತಲೆಯಲ್ಲಿ ಕೂದಲಿದೆಯೆಂದು ತಲೆಯನ್ನು ಯಾರೂ ಗಲೀಜೆನ್ನುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಬ್ಲೇಡಿನಿಂದ ಬೋಳಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳು ಚರ್ಮದ ಮೇಲೆ ಉಂಟಾಗುತ್ತವೆ. ಅಲ್ಲಿಯವರೆಗೆ ಚರ್ಮದ ಮೇಲೆ ನಿರುಪದ್ರವಿಗಳಾಗಿದ್ದ ಸೂಕ್ಷ್ಮಜೀವಿಗಳು ಆ ಗಾಯಗಳ ಮೂಲಕ ಒಳಹೊಗುತ್ತವೆ.

ನಾನು ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ. ಮದುವೆಯಾಗಿ ವರ್ಷವೂ ತುಂಬದ ಒಬ್ಬ ಹೆಣ್ಣುಮಗಳನ್ನು ಅವಳ ಅತ್ತೆ ಜ್ವರವೆಂದು ಕರೆತಂದರು. ಅವಳು ಕಾಲನ್ನು ಅಗಲಿಸಿ ಕಷ್ಟದಿಂದ ನಡೆಯುತ್ತಿದ್ದಳು. ಅತ್ತೆಯವರನ್ನು ಹೊರಗೆ ಕುಳ್ಳಿರಿಸಿ ಆರೋಗ್ಯ ಸಹಾಯಕಿಯ ಸಮ್ಮುಖದಲ್ಲಿ ಪರೀಕ್ಷಿಸಿದಾಗ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಕುರು ಕಂಡುಬಂದಿತು. ಪತಿಯು ಮೊಬೈಲಿನಲ್ಲಿ ಏನನ್ನೋ ನೋಡಿ, ಕೂದಲು ತೆಗೆಯುವಂತೆ ಹೇಳಿದ್ದನು. ಅವಳು ಪತಿ ಗಡ್ಡಕ್ಕೆ ಬಳಸಿ ಇಟ್ಟಿದ್ದ ಹಳೆಯ ಬ್ಲೇಡನ್ನು ಎತ್ತಿಕೊಂಡು, ಬಚ್ಚಲಿನ ಮಂದ ಬೆಳಕಿನಲ್ಲಿ, ಸಾಬೂನೂ ಇಲ್ಲದೆ ಅವಸರದಿಂದ ಬೋಳಿಸಿಕೊಂಡಿದ್ದಳು. ಮೂರನೆಯ ದಿನ ಗುಳ್ಳೆಗಳೆದ್ದವು. ಒಂದು ಗುಳ್ಳೆ ಕುರುವಾಯಿತು. ಒಂಬತ್ತು ದಿನ ಅವಳು ಯಾರಿಗೂ ಹೇಳಲಿಲ್ಲ. ಅವಳು ದೂರ ಮಲಗುವುದನ್ನು ಕಂಡು ಪತಿಯು ತನ್ನ ಮೇಲೆ ಮುನಿಸೆಂದು ಬಗೆದು ತಾನೂ ಮಾತು ಬಿಟ್ಟಿದ್ದನು.

ಕುರುವನ್ನು ಕೊಯ್ದು ಕೀವನ್ನು ಹೊರತೆಗೆಯಬೇಕಾಯಿತು. ಗಾಯ ಮಾಗಲು ಎರಡು ವಾರಗಳು ಹಿಡಿದವು. ಡ್ರೆಸ್ಸಿಂಗಿಗೆ ಪ್ರತಿ ಸಲವೂ ಪತಿಯೇ ಕರೆತರುತ್ತಿದ್ದನು. ಕೊನೆಯ ದಿನ ಅವನು, "ಇಷ್ಟಕ್ಕೆಲ್ಲಾ ಆಗುತ್ತೆ ಅಂತ ಗೊತ್ತಿದ್ದರೆ ನಾನು ಹೇಳ್ತಾನೇ ಇರಲಿಲ್ಲ" ಎಂದನು. ಅವನು ಕೆಟ್ಟವನಲ್ಲ, ತಿಳಿಯದವನು. ಅವಳೂ ತಿಳಿಯದವಳು. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದ್ದರೆ ಆ ಹಳೆಯ ಬ್ಲೇಡು ಗೂಡಿನಲ್ಲಿಯೇ ಇರುತ್ತಿತ್ತು.

ತೆಗೆಯಲೇಬೇಕೆ?

ಆರೋಗ್ಯದ ದೃಷ್ಟಿಯಿಂದ ಗುಪ್ತಾಂಗದ ಕೂದಲನ್ನು ತೆಗೆಯಲೇಬೇಕಾದ ಅವಶ್ಯಕತೆ ಇಲ್ಲ. ಹಾಗೆಂದು ತೆಗೆಯುವುದು ತಪ್ಪೆಂದೂ ಅಲ್ಲ. ಮುಸ್ಲಿಂ ಬಾಂಧವರಲ್ಲಿ ನಲವತ್ತು ದಿನಗಳು ಮೀರದಂತೆ ಈ ಕೂದಲನ್ನು ತೆಗೆಯುವ ಧಾರ್ಮಿಕ ಆಚರಣೆಯಿದೆ. ಬೇರೆ ಕೆಲವರು ಸೆಕೆಗೆ ಬೆವರು ಹೆಚ್ಚೆಂದೋ, ಮುಟ್ಟಿನ ದಿನಗಳಲ್ಲಿ ತೊಳೆಯಲು ಸುಲಭವೆಂದೋ ಚಿಕ್ಕದಾಗಿ ಇಟ್ಟುಕೊಳ್ಳಲು ಇಷ್ಟಪಡುತ್ತಾರೆ. ಇದು ಅವರವರ ಇಚ್ಛೆ. ಆದರೆ ಅವರವರ ಶರೀರದ ಬಗ್ಗೆ ನಿರ್ಧರಿಸುವ ಹಕ್ಕು ಅವರವರದೇ. ಪತಿಯ ಬಲವಂತಕ್ಕಾಗಿ ಪತ್ನಿಯಾಗಲಿ, ಪತ್ನಿಯ ಹಂಗಿಸುವಿಕೆಗಾಗಿ ಪತಿಯಾಗಲಿ ಬ್ಲೇಡು ಹಿಡಿಯಬಾರದು. ಮೊಬೈಲಿನಲ್ಲಿ ಕಾಣುವ ಚಿತ್ರಗಳಿಗೆ ಬಣ್ಣ ಬಳಿದು, ಬೆಳಕು ಹಾಯಿಸಿ, ತಿದ್ದಿರುತ್ತಾರೆ. ಹೊಲದಲ್ಲಿ ದುಡಿದು ಬಂದ ಜೀವಂತ ಶರೀರವನ್ನು ಆ ಚಿತ್ರಗಳೊಡನೆ ಹೋಲಿಸುವುದು ನ್ಯಾಯವಲ್ಲ.

"ಒಮ್ಮೆ ಬೋಳಿಸಿದರೆ ಮತ್ತೆ ದಪ್ಪವಾಗಿ, ಒತ್ತಾಗಿ ಬೆಳೆಯುತ್ತದೆ" ಎಂಬ ಭಯವೂ ಬೇಡ. ಕೂದಲಿನ ತುದಿ ಸಹಜವಾಗಿ ಮೊನಚಾಗಿರುತ್ತದೆ. ಕತ್ತರಿಸಿದಾಗ ತುದಿ ಮೊಂಡಾಗುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೆ. ಕೂದಲು ಹುಟ್ಟುವ ಬೇರು ಚರ್ಮದ ಒಳಗಿರುವುದರಿಂದ ಬ್ಲೇಡು ಅದನ್ನು ಮುಟ್ಟುವುದೇ ಇಲ್ಲ. ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳವಣಿಗೆಯ ವೇಗವಾಗಲಿ ಬದಲಾಗುವುದಿಲ್ಲವೆಂದು 1928ರಷ್ಟು ಹಿಂದೆಯೇ ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಅವರು ಅಳತೆ ಮಾಡಿ ತೋರಿಸಿದರು.

ತೆಗೆಯುವುದಾದರೆ ಹೇಗೆ?

ಎಲ್ಲಕ್ಕಿಂತ ಕ್ಷೇಮಕರವಾದುದು ಕತ್ತರಿ. ತುದಿ ಮೊಂಡಾಗಿರುವ ಒಂದು ಚಿಕ್ಕ ಕತ್ತರಿಯನ್ನು ಇದಕ್ಕೆಂದೇ ಬೇರೆಯಾಗಿಟ್ಟುಕೊಳ್ಳಿ. ಹಗಲಿನ ಬೆಳಕಿನಲ್ಲಿ, ಕೂದಲು ಒಣಗಿರುವಾಗ, ಒಂದು ಕೈಯಿಂದ ಚರ್ಮವನ್ನು ಕಾಪಾಡಿಕೊಂಡು, ಕಾಲಂಗುಲದಷ್ಟು ಉಳಿಯುವಂತೆ ಕತ್ತರಿಸಿ. ಗಾಯವಾಗದು, ಗುಳ್ಳೆಯೇಳದು. ಕೆಲಸವಾದ ಮೇಲೆ ಕತ್ತರಿಯನ್ನು ಸಾಬೂನು ನೀರಿನಲ್ಲಿ ತೊಳೆದು ಒರಸಿಡಿ. ಹೆಚ್ಚಿನವರಿಗೆ ಇಷ್ಟೇ ಸಾಕು.

ಬ್ಲೇಡನ್ನೇ ಬಳಸುವವರು ಕೆಳಗಿನ ಕ್ರಮವನ್ನು ಅನುಸರಿಸಬೇಕು. ಬಿಡಿ ಬ್ಲೇಡನ್ನು ಬೆರಳಲ್ಲಿ ಹಿಡಿದು ಎಂದಿಗೂ ಬೋಳಿಸಬಾರದು. ರೇಜರಿಗೆ ಹೊಸ ಬ್ಲೇಡು ಹಾಕಿ ಬಳಸಬೇಕು. ಮೊದಲು ಕತ್ತರಿಯಿಂದ ಕೂದಲನ್ನು ಚಿಕ್ಕದಾಗಿಸಿ, ಐದು ನಿಮಿಷ ಉಗುರುಬೆಚ್ಚಗಿನ ನೀರಿನಿಂದ ನೆನೆಸಿ, ಸಾಬೂನಿನ ನೊರೆಯನ್ನು ಹಚ್ಚಬೇಕು. ಕೂದಲು ಬೆಳೆದ ದಿಕ್ಕಿನಲ್ಲಿಯೇ ಹಗುರವಾಗಿ ಎಳೆಯಬೇಕು. ಎದುರು ದಿಕ್ಕಿನಲ್ಲಿ ಒತ್ತಿ ಎಳೆಯಬಾರದು. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬ್ಲೇಡು ಆಡಿಸಬಾರದು. ನುಣ್ಣಗಾಗಲೇಬೇಕೆಂಬ ಹಟ ಬೇಡ. ಆಮೇಲೆ ತಣ್ಣೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರಸಿ, ಶುದ್ಧ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬಹುದು.

ಬೆಳಿಗ್ಗೆ ಬೋಳಿಸಿಕೊಂಡು ಹೊಲಕ್ಕೆ ಹೋಗಬೇಡಿ. ಬೆವರು, ದೂಳು, ಬಟ್ಟೆಯ ಉಜ್ಜಾಟ ಇವು ಹಸಿ ಚರ್ಮಕ್ಕೆ ಶತ್ರುಗಳು. ರಾತ್ರಿ ಊಟಕ್ಕೆ ಮುಂಚೆ, ದಿನದ ಕೆಲಸವೆಲ್ಲ ಮುಗಿದ ಮೇಲೆ ಮಾಡಿಕೊಂಡರೆ ಚರ್ಮಕ್ಕೆ ಇಡೀ ರಾತ್ರಿ ವಿಶ್ರಾಂತಿ ದೊರೆಯುತ್ತದೆ. ಗಾಯವಾಗಿದ್ದರೆ ಅದು ಮಾಗುವವರೆಗೆ ದಂಪತಿಗಳು ಕೂಡಬಾರದು.

ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಕೂಡದು. ಗಂಡ ಹೆಂಡಿರ ನಡುವೆಯೂ ಕೂಡದು. ಕಣ್ಣಿಗೆ ಕಾಣದ ರಕ್ತದ ಕಣದಿಂದಲೇ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗಗಳು ಹರಡಬಹುದು. ಬಳಸಿದ ಬ್ಲೇಡನ್ನು ತಿಪ್ಪೆಗೆ ಎಸೆಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ. ಮಕ್ಕಳ ಕಾಲಿಗೂ ದನಗಳ ಬಾಯಿಗೂ ಅದು ಸಿಗಬಾರದು. ಸಕ್ಕರೆ ಕಾಯಿಲೆ ಇರುವವರಿಗೆ ಸಣ್ಣ ಗಾಯವೂ ದೊಡ್ಡ ಹುಣ್ಣಾಗಬಹುದಾದುದರಿಂದ ಅವರು ಬ್ಲೇಡನ್ನು ಬಿಟ್ಟು ಕತ್ತರಿಯನ್ನೇ ಬಳಸುವುದು ಲೇಸು.

ಕ್ರೀಮು ಮತ್ತು ಪುಡಿಗಳು

ಅಂಗಡಿಗಳಲ್ಲಿ ದೊರೆಯುವ ಕೂದಲು ತೆಗೆಯುವ ಕ್ರೀಮು ಒಂದು ಬಗೆಯ ಕ್ಷಾರ. ಅದು ಕೂದಲನ್ನು ಕರಗಿಸುತ್ತದೆ; ಹೆಚ್ಚು ಹೊತ್ತು ಬಿಟ್ಟರೆ ಚರ್ಮವನ್ನೂ ಸುಡುತ್ತದೆ. ಬಳಸುವ ಹಿಂದಿನ ದಿನ ತೊಡೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಹೇಳಿದಷ್ಟು ಹೊತ್ತು ಬಿಟ್ಟು, ತೊಳೆದು, 24 ಗಂಟೆ ಕಾಯಿರಿ. ಉರಿ, ಕೆಂಪು ಕಂಡರೆ ಅದು ನಿಮಗಲ್ಲ. ಒಗ್ಗಿದರೂ ಹೊರಭಾಗದ ಕೂದಲಿಗೆ ಮಾತ್ರ ಹಚ್ಚಬೇಕು. ಯೋನಿಯ ತುಟಿಗಳ ಒಳಬದಿ, ಶಿಶ್ನದ ತುದಿ, ಗುದದ್ವಾರ ಇವುಗಳಿಗೆ ಎಂದಿಗೂ ತಾಗಬಾರದು.

ಅಗ್ಗದ ಪುಡಿಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಇವುಗಳಲ್ಲಿ ಬೇರಿಯಂ ಸಲ್ಫೈಡ್ ಎಂಬ ರಾಸಾಯನಿಕವಿರುವುದುಂಟು. ಅದು ಹೊಟ್ಟೆಗೆ ಹೋದರೆ ಕೈಕಾಲುಗಳ ಶಕ್ತಿ ಕುಂದಿ, ಹೃದಯದ ಬಡಿತ ತಪ್ಪಿ ಪ್ರಾಣಾಪಾಯವಾಗುತ್ತದೆ. ಹಿಟ್ಟಿನಂತೆ ಕಾಣುವ ಈ ಪುಡಿಯನ್ನು ಅಡಿಗೆಮನೆಯ ಗೂಡಿನಲ್ಲಾಗಲಿ ಮಕ್ಕಳ ಕೈಗೆಟಕುವಲ್ಲಾಗಲಿ ಇಡಬಾರದು. ಇನ್ನು ಹರಿತಾಳವನ್ನು ಸುಣ್ಣದೊಡನೆ ಕಲಸಿ ಹಚ್ಚುವ ಹಳೆಯ ಪದ್ಧತಿಯೊಂದಿದೆ. ಹರಿತಾಳವು ಪಾಷಾಣದ ಜಾತಿಗೆ ಸೇರಿದುದು. ಸುಣ್ಣವು ಚರ್ಮವನ್ನು ಸುಡುವಂಥದು. ಈ ಎರಡನ್ನೂ ಗುಪ್ತಾಂಗದ ಬಳಿಗೆ ತರಲೇಬಾರದು.

ಗುಳ್ಳೆ ಎದ್ದರೆ

ಬೋಳಿಸಿದ ಎರಡು ಮೂರು ದಿನಗಳಲ್ಲಿ ಕೂದಲಿನ ಬುಡದಲ್ಲಿ ಸಣ್ಣ ಕೆಂಪು ಗುಳ್ಳೆಗಳೇಳುವುದುಂಟು. ಇಲ್ಲಿನ ಕೂದಲು ಗುಂಗುರಾದುದರಿಂದ ಕತ್ತರಿಸಿದ ತುದಿ ಕೆಲವೊಮ್ಮೆ ಹೊರಗೆ ಬರುವ ಬದಲು ಬಾಗಿ ಚರ್ಮದೊಳಕ್ಕೆ ಚುಚ್ಚಿಕೊಂಡು ಬೆಳೆಯುತ್ತದೆ. ಅದನ್ನು ಪಿನ್ನಿನಿಂದಲೋ ಜಾಲಿಯ ಮುಳ್ಳಿನಿಂದಲೋ ಕೆದಕಬಾರದು, ಹಿಸುಕಬಾರದು. ಶುದ್ಧವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ತಾಳುವಷ್ಟು ಬಿಸಿಯಲ್ಲಿ ಹತ್ತು ನಿಮಿಷದಂತೆ ದಿನಕ್ಕೆ ಮೂರು ಬಾರಿ ಶಾಖ ಕೊಡಿ. ಸಡಿಲವಾದ ಹತ್ತಿಯ ಬಟ್ಟೆ ಧರಿಸಿ. ಗುಳ್ಳೆಗಳು ಪೂರ್ತಿ ಮಾಯುವವರೆಗೆ ಮತ್ತೆ ಬ್ಲೇಡು ಬೇಡ. ಕೀವು ತುಂಬಿದರೆ, ಊತ ಹರಡಿದರೆ, ಜ್ವರ ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಬನ್ನಿ.

ನಿತ್ಯದ ಆರೈಕೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಮ್ಮ ಬಯಲುಸೀಮೆಯಲ್ಲಿ ಮಳೆ ಕಡಿಮೆ; ಬಳಕೆಯ ನೀರು ಬಹುಮಟ್ಟಿಗೆ ಆಳದ ಕೊಳವೆಬಾವಿಯದು. ಈ ನೀರು ಅನೇಕ ಕಡೆ ಗಡಸು. ಗಡಸು ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಯಾಗುವುದಿಲ್ಲ. ನೊರೆಯಾಗಲೆಂದು ಹೆಚ್ಚು ಉಜ್ಜಿದಷ್ಟೂ ಸಾಬೂನಿನ ಅಂಟು ಚರ್ಮದ ಮಡಿಕೆಗಳಲ್ಲಿ ಉಳಿದು ಒಣಗಿ ನವೆಯನ್ನುಂಟುಮಾಡುತ್ತದೆ. ಆದುದರಿಂದ ಸಾಬೂನನ್ನು ಸ್ವಲ್ಪವೇ ಬಳಸಿ, ನೀರನ್ನು ಧಾರಾಳವಾಗಿ ಬಳಸಿ. ಬಟ್ಟೆ ಒಗೆಯುವ ಸಾಬೂನನ್ನು ಮೈಗೆ ಹಚ್ಚಬಾರದು.

ಸ್ತ್ರೀಯರು ಹೊರಭಾಗವನ್ನು ಮಾತ್ರ ತೊಳೆಯಬೇಕು. ಯೋನಿಯ ಒಳಭಾಗವು ತನ್ನನ್ನು ತಾನೇ ಶುದ್ಧಿಗೊಳಿಸಿಕೊಳ್ಳುತ್ತದೆ. ಅಲ್ಲಿ ಹಾಲನ್ನು ಮೊಸರು ಮಾಡುವ ಜಾತಿಯ ಉಪಕಾರಿ ಸೂಕ್ಷ್ಮಜೀವಿಗಳಿದ್ದು, ಹುಳಿಯನ್ನು ಉತ್ಪತ್ತಿ ಮಾಡಿ ರೋಗಾಣುಗಳನ್ನು ತಡೆಯುತ್ತವೆ. ಸಾಬೂನು, ಡೆಟಾಲು, ಪಟಕದ ನೀರು ಇವುಗಳಿಂದ ಒಳಗೆ ತೊಳೆದರೆ ಈ ಕಾವಲುಗಾರರೇ ಸಾಯುತ್ತಾರೆ. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಪುರುಷರು ಶಿಶ್ನದ ಮುಂದೊಗಲನ್ನು ಹಿಂದಕ್ಕೆ ಸರಿಸಿ, ಒಳಗೆ ಕೂಡುವ ಬಿಳಿಯ ಅಂಟನ್ನು ದಿನವೂ ನೀರಿನಿಂದ ತೊಳೆಯಬೇಕು.

ತೊಳೆಯುವಷ್ಟೇ ಮುಖ್ಯವಾದುದು ಒಣಗಿಸುವುದು. ಒದ್ದೆ ಒಳಚಡ್ಡಿಯನ್ನಾಗಲಿ, ಬೆವರಿನಲ್ಲಿ ನೆನೆದ ಬಟ್ಟೆಯನ್ನಾಗಲಿ ಹಾಕಿಕೊಂಡಿರಬಾರದು. ಪುರುಷರು ಕಟ್ಟುವ ಉಡಿದಾರವು ಬೆವರನ್ನೂ ಕೊಳೆಯನ್ನೂ ಹೀರಿ ಹಸಿಯಾಗಿಯೇ ಇರುತ್ತದೆ. ಚರ್ಮರೋಗವಿರುವಾಗ ಅದನ್ನು ತೆಗೆದಿಡಬೇಕು, ವಾಸಿಯಾದ ಮೇಲೆ ಹೊಸದನ್ನು ಕಟ್ಟಿಕೊಳ್ಳಬೇಕು.

ಇನ್ನೊಂದು ಮಾತನ್ನು ಪತಿಯಂದಿರಿಗೆ ವಿಶೇಷವಾಗಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಗಂಡಸರ ಒಳಬಟ್ಟೆಗಳು ಅಂಗಳದ ತಂತಿಯ ಮೇಲೆ ಬಿಸಿಲಿನಲ್ಲಿ ಒಣಗುತ್ತವೆ. ಹೆಂಗಸರ ಒಳಬಟ್ಟೆಗಳೂ ಮುಟ್ಟಿನ ಬಟ್ಟೆಗಳೂ ಯಾರಾದರೂ ಕಂಡಾರೆಂದು ಸೀರೆಯ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ, ಕತ್ತಲಲ್ಲಿ ಒಣಗುತ್ತವೆ. ಅರೆ ಒಣಗಿದ ಆ ಬಟ್ಟೆಗಳಲ್ಲಿ ಬೂಷ್ಟು ಬೆಳೆಯುತ್ತದೆ. ಬಿಸಿಲಿಗೆ ನಾಚಿಕೆಯಿಲ್ಲ, ಬೆಲೆಯೂ ಇಲ್ಲ. ಹಿತ್ತಲಿನಲ್ಲಿ ಹೆಂಗಸರಿಗಾಗಿ ಬಿಸಿಲು ಬೀಳುವ ಕಡೆ ಒಂದು ಹಗ್ಗವನ್ನು ಕಟ್ಟಿಕೊಡಿ. ಹಲವು ಮುಲಾಮುಗಳು ಮಾಡದ ಉಪಕಾರವನ್ನು ಆ ಒಂದು ಹಗ್ಗ ಮಾಡುತ್ತದೆ.

ಹುಳುಕಡ್ಡಿ: ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ

ತೊಡೆಸಂದಿನಲ್ಲಿ ದುಂಡಾಗಿ ಹರಡುವ, ಅಂಚು ಕೆಂಪಾಗಿ ಉಬ್ಬಿದ, ಬೆವರಿದಾಗ ವಿಪರೀತ ನವೆಯಾಗುವ ಕಾಯಿಲೆಯೇ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಹುಳುವಲ್ಲ, ಶಿಲೀಂಧ್ರ ಎಂಬ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ. ಕೂದಲು ಇದಕ್ಕೆ ಕಾರಣವಲ್ಲ. ಬೋಳಿಸುವುದರಿಂದ ಇದು ಹೋಗುವುದೂ ಇಲ್ಲ. ರೋಗವಿರುವಾಗ ಬೋಳಿಸಿದರೆ ಬ್ಲೇಡಿನ ಗಾಯಗಳ ಮೂಲಕ ಅದು ಇನ್ನಷ್ಟು ಹರಡುತ್ತದೆ. ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಈ ರೋಗ ಹೆಚ್ಚಾಗಿದೆ. ಸಾಮಾನ್ಯ ಔಷಧಿಗಳಿಗೆ ಬೇಗ ಬಗ್ಗದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಭಾರತದ ಹೆಸರನ್ನೇ ಸೇರಿಸಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು.

ರೋಗ ಹೀಗೆ ಮೊಂಡಾಗಲು ಒಂದು ಮುಖ್ಯ ಕಾರಣ ನಮ್ಮ ಕೈಯಲ್ಲಿಯೇ ಇದೆ. ಅಂಗಡಿಗೆ ಹೋಗಿ "ನವೆಗೆ ಒಂದು ಟ್ಯೂಬು ಕೊಡಿ" ಎಂದು ಕೇಳಿದರೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಮುಂತಾದ ಸ್ಟಿರಾಯ್ಡ್ ಬೆರೆತ ಮುಲಾಮು ಕೈಗೆ ಬರುವುದುಂಟು. ಹಚ್ಚಿದ ನಾಲ್ಕು ದಿನಕ್ಕೆ ನವೆ ಅಡಗುತ್ತದೆ. ಆದರೆ ಶಿಲೀಂಧ್ರವು ಸಾಯದೆ ಚರ್ಮದ ಮರೆಯಲ್ಲಿ ಬೆಳೆಯುತ್ತಿರುತ್ತದೆ. ಮುಲಾಮು ಬಿಟ್ಟೊಡನೆ ಎರಡರಷ್ಟಾಗಿ ಹೊರಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳಂತೆ ಎಂದೂ ಅಳಿಯದ ಪಟ್ಟೆಗಳು ಮೂಡುತ್ತವೆ. ಈ ಕಾರಣದಿಂದಲೇ 2018ರಲ್ಲಿ ಕೇಂದ್ರ ಸರ್ಕಾರವು ಹದಿನಾಲ್ಕು ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು.

ಸರಿಯಾದ ಚಿಕಿತ್ಸೆಗೆ ತಾಳ್ಮೆ ಬೇಕು. ವೈದ್ಯರು ಕೊಟ್ಟ ಔಷಧಿಯನ್ನು ಮಚ್ಚೆಯ ಮೇಲಲ್ಲದೆ ಸುತ್ತಲಿನ ಒಂದಂಗುಲ ಚರ್ಮಕ್ಕೂ ಹಚ್ಚಬೇಕು. ನವೆ ನಿಂತಿತೆಂದು ಬಿಡಬಾರದು. ಹೇಳಿದಷ್ಟು ವಾರಗಳೂ ಮುಂದುವರಿಸಬೇಕು. ಒಬ್ಬರಿಗೆ ಹುಳುಕಡ್ಡಿಯಿದ್ದರೆ ಇನ್ನೊಬ್ಬರೂ ಪರೀಕ್ಷೆ ಮಾಡಿಸಿಕೊಂಡು, ಇಬ್ಬರಿಗೂ ಇದ್ದರೆ ಒಂದೇ ಕಾಲಕ್ಕೆ ಚಿಕಿತ್ಸೆ ಪಡೆಯಬೇಕು. ಪತ್ನಿಗೆ ಮಾತ್ರ ಔಷಧಿ ಕೊಡಿಸಿ ಪತಿ ಸುಮ್ಮನಿದ್ದರೆ, ಅವಳಿಗೆ ವಾಸಿಯಾದೊಡನೆ ಅವನಿಂದ ಮತ್ತೆ ಬರುತ್ತದೆ. ಆಮೇಲೆ "ಇವಳಿಗೆ ಯಾವ ಔಷಧಿಯೂ ಹಿಡಿಯುವುದಿಲ್ಲ" ಎಂಬ ಅಪವಾದ ಬೇರೆ. ಟವಲು, ಸೋಪು, ಒಳಬಟ್ಟೆಗಳನ್ನು ಮನೆಮಂದಿ ಬೇರೆ ಬೇರೆಯಾಗಿಟ್ಟುಕೊಂಡು, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ಹೆರಿಗೆಗೂ ಶಸ್ತ್ರಚಿಕಿತ್ಸೆಗೂ ಬೋಳಿಸಬೇಕಾಗಿಲ್ಲ

ಈ ಲೇಖನದಲ್ಲಿ ಬೇರೆ ಯಾವುದನ್ನು ಮರೆತರೂ ಈ ಭಾಗವನ್ನು ಮರೆಯಬೇಡಿ.

ನಾನು ಎಂ.ಬಿ.ಬಿ.ಎಸ್. ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಪ್ರತಿಯೊಬ್ಬ ತಾಯಿಯ ಕೂದಲನ್ನೂ ಬೋಳಿಸುತ್ತಿದ್ದುದನ್ನು ನೋಡಿದ್ದೇನೆ. ನೋವು ತಿನ್ನುತ್ತಿರುವ ತಾಯಿಗೆ ಅದೊಂದು ಹೆಚ್ಚಿನ ಹಿಂಸೆ. ಕೆಲವರಿಗೆ "ಮನೆಯಿಂದಲೇ ತೆಗೆದುಕೊಂಡು ಬರಬಾರದಿತ್ತೆ?" ಎಂಬ ಬೈಗುಳವೂ ಸಿಗುತ್ತಿತ್ತು. ಆ ಬೈಗುಳದ ನೆನಪು ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಹಿಂದೊಮ್ಮೆ ಎರಡನೆಯ ಹೆರಿಗೆಯ ತಾಯಿಯೊಬ್ಬಳು ನೋವು ಆರಂಭವಾಗಿ ಬಹಳ ಹೊತ್ತಾದ ಮೇಲೆ ಬಂದು ತಲುಪಿದಳು. ತಡವೇಕೆಂದು ಕೇಳಿದರೆ ಜೊತೆಗೆ ಬಂದಿದ್ದ ಅತ್ತೆ, "ಆಸ್ಪತ್ರೆಗೆ ಹಂಗೇ ಕರ್ಕೊಂಡು ಹೋಗ್ಬಾರ್ದು ಅಂತ ಶುಚಿ ಮಾಡ್ತಿದ್ವಿ" ಎಂದರು. ಮಗು ದಾರಿಯಲ್ಲಿ ಹುಟ್ಟದೆ ಉಳಿದುದು ಅದೃಷ್ಟ. ಎರಡನೆಯ ಹೆರಿಗೆ ಮೊದಲಿನದಕ್ಕಿಂತ ಬೇಗನೆ ಆಗುತ್ತದೆ. ರಕ್ತಸ್ರಾವವಾದರೆ ತಾಯಿಯ ಪ್ರಾಣಕ್ಕೆ ಪ್ರತಿಯೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಬೋಳಿಸುವ ಪದ್ಧತಿಯಿಂದ ಲಾಭವಿದೆಯೇ ಎಂದು ವೈದ್ಯರು ಬಹಳ ಹಿಂದೆಯೇ ಪರೀಕ್ಷಿಸಿದ್ದಾರೆ. 1922ರಲ್ಲಿ ಅಮೆರಿಕದ ಜಾನ್‌ಸ್ಟನ್ ಮತ್ತು ಸಿಡಾಲ್ ಎಂಬ ವೈದ್ಯರು 389 ತಾಯಂದಿರಲ್ಲಿ ಕೆಲವರಿಗೆ ಬೋಳಿಸಿ, ಉಳಿದವರಿಗೆ ಕೂದಲನ್ನು ಕತ್ತರಿಸಿ ಮಾತ್ರ ಹೆರಿಗೆ ಮಾಡಿಸಿದರು. ಬಾಣಂತಿ ಜ್ವರದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1996ರ ತನ್ನ ಸಹಜ ಹೆರಿಗೆಯ ಮಾರ್ಗದರ್ಶಿಯಲ್ಲಿ ಇದನ್ನು ಕೈಬಿಡಬೇಕಾದ ಪದ್ಧತಿಗಳ ಸಾಲಿಗೆ ಸೇರಿಸಿತು. 2015ರಲ್ಲಿ, ಸಹಜ ಹೆರಿಗೆಗೆ ಮುನ್ನ ವಾಡಿಕೆಯಾಗಿ ಬೋಳಿಸುವುದು ಬೇಡವೆಂದು ಮತ್ತೊಮ್ಮೆ ಹೇಳಿತು. ಶಸ್ತ್ರಚಿಕಿತ್ಸೆಯ ಬಗ್ಗೆ 2016ರಲ್ಲಿ ಅದೇ ಸಂಸ್ಥೆ ನೀಡಿದ ಸಲಹೆಯೂ ಇಂತಹುದೇ: ಕೂದಲನ್ನು ಹಾಗೆಯೇ ಬಿಡಬೇಕು, ತೆಗೆಯಲೇಬೇಕಾದರೆ ಯಂತ್ರದಿಂದ ಕತ್ತರಿಸಬೇಕು, ಬ್ಲೇಡಿನಿಂದ ಬೋಳಿಸಬಾರದು.

ಆದುದರಿಂದ ಗರ್ಭಿಣಿಯರು ಹೆರಿಗೆಗಾಗಿ ಮನೆಯಲ್ಲಿ ಬೋಳಿಸಿಕೊಳ್ಳಬೇಕಾಗಿಲ್ಲ. ತುಂಬುಗರ್ಭದಲ್ಲಿ ಹೊಟ್ಟೆಯ ಮರೆಗೆ ಕೈ ಆಡುವ ಜಾಗವೂ ಕಾಣುವುದಿಲ್ಲ, ಗಾಯವಾಗುವುದೇ ಹೆಚ್ಚು. ನೋವು ಕಾಣಿಸಿಕೊಂಡರೆ ಬ್ಲೇಡನ್ನು ಹುಡುಕಬೇಡಿ. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡನ್ನು ಕೈಗೆತ್ತಿಕೊಂಡು ಹೊರಡಿ. ಕೂದಲಿದೆಯೆಂದು ಯಾರಾದರೂ ಹಂಗಿಸಿದರೆ ಅದನ್ನು ವೈದ್ಯಾಧಿಕಾರಿಗೆ ತಿಳಿಸುವುದು ನಿಮ್ಮ ಹಕ್ಕು.

ವಂಕಿ ಹಾಕಿಸಿಕೊಳ್ಳಲು ಬರುವ ತಾಯಂದಿರೂ ಬೋಳಿಸಿಕೊಂಡು ಬರಬೇಕಾಗಿಲ್ಲ. ಪುರುಷರಿಗಾಗಿ ಇರುವ, ಹೊಲಿಗೆಯಿಲ್ಲದ ಎನ್.ಎಸ್.ವಿ. ಸಂತಾನಹರಣ ಚಿಕಿತ್ಸೆಗೆ ಬರುವವರು ಆ ಭಾಗವನ್ನು ಸಾಬೂನಿನಿಂದ ತೊಳೆದುಕೊಂಡು ಶುಭ್ರವಾದ ಬಟ್ಟೆ ಧರಿಸಿ ಬಂದರೆ ಸಾಕು. ಬೇಕಾದಷ್ಟು ಕೂದಲನ್ನು ಅಲ್ಲಿಯೇ ಕತ್ತರಿಸುತ್ತಾರೆ. ಮನೆಯಲ್ಲಿ ಬೋಳಿಸಿ ಗಾಯ ಮಾಡಿಕೊಂಡು ಬಂದರೆ, ಗಾಯ ಮಾಗುವವರೆಗೆ ಚಿಕಿತ್ಸೆಯನ್ನೇ ಮುಂದೂಡಬೇಕಾಗಬಹುದು.

ಯಾವಾಗ ವೈದ್ಯರನ್ನು ಕಾಣಬೇಕು?

ಜ್ವರದೊಡನೆ ಕುರು ಎದ್ದಾಗ, ಹುಣ್ಣು ಅಥವಾ ನೀರುಗುಳ್ಳೆ ಕಂಡಾಗ, ದುರ್ವಾಸನೆಯ ಅಥವಾ ಮೊಸರಿನ ಗಂಟಿನಂತಹ ಬಿಳಿಸ್ರಾವವಿದ್ದಾಗ, ಮೂತ್ರದಲ್ಲಿ ಉರಿಯಿದ್ದಾಗ, ಗುಪ್ತಾಂಗದ ಕೂದಲಲ್ಲಿ ಹೇನು ಕಂಡಾಗ ಕೂಡಲೇ ಬರಬೇಕು. ಇವುಗಳಲ್ಲಿ ಕೆಲವಕ್ಕೆ ಪತಿ ಪತ್ನಿ ಇಬ್ಬರಿಗೂ ಚಿಕಿತ್ಸೆ ಬೇಕಾಗುತ್ತದೆ. ಮನೆಮಂದಿಗೆಲ್ಲ ರಾತ್ರಿಯ ವೇಳೆ ನವೆ ಹೆಚ್ಚಾಗುತ್ತಿದ್ದರೆ ಅದು ಕಜ್ಜಿಯಿರಬಹುದು. ಎಲ್ಲರೂ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ಕುತ್ತಿಗೆ ಮತ್ತು ತೊಡೆಸಂದಿನ ಚರ್ಮವು ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುತ್ತಿದ್ದರೆ ಬೆಳ್ಳಗಾಗುವ ಕ್ರೀಮನ್ನು ಕೊಳ್ಳದೆ, ರಕ್ತದಲ್ಲಿನ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ.

ವೈದ್ಯರು ಪುರುಷರೆಂದು ಸಂಕೋಚವಾದರೆ ಮೊದಲು ಆಶಾ ಕಾರ್ಯಕರ್ತೆಯೊಡನೆ ಅಥವಾ ಆರೋಗ್ಯ ಸಹಾಯಕಿಯೊಡನೆ ಮಾತನಾಡಿ. ಪರೀಕ್ಷೆಯ ವೇಳೆ ನಿಮ್ಮೊಡನೆ ಮತ್ತೊಬ್ಬ ಸ್ತ್ರೀ ಇರಬೇಕೆಂದು ಕೇಳಬಹುದು. ನೀವು ಹೇಳಿದ ಮಾತು ಆ ಕೋಣೆಯಿಂದ ಹೊರಗೆ ಹೋಗಬಾರದು. ಅದು ವೈದ್ಯ ವೃತ್ತಿಯ ಧರ್ಮ.

ಪ್ರಿಯ ದಂಪತಿಗಳೇ, ಕೂದಲು ಇರಲಿ, ಇಲ್ಲದಿರಲಿ, ಚರ್ಮ ಸ್ವಸ್ಥವಾಗಿರಬೇಕು. ಅದಕ್ಕೆ ಬೇಕಾದುದು ನೀರು, ಬಿಸಿಲು, ಹತ್ತಿಯ ಬಟ್ಟೆ ಮತ್ತು ಒಬ್ಬರೊಡನೊಬ್ಬರು ಆಡುವ ಎರಡು ಮಾತು. ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಬಂದಾಗ ಆ "ಇನ್ನೊಂದು ವಿಷಯ"ವನ್ನು ಬಾಗಿಲಿನ ಬಳಿಗೆ ಉಳಿಸಿಕೊಳ್ಳದೆ, ಕುಳಿತೊಡನೆಯೇ ಹೇಳಿ.